ಮಕ್ಕಳೇ, ನನ್ನ ಹೆಸರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ವರ್ಷಗಳ ನನ್ನ ದಿನಚರಿ ತೆಗೆದು ನೋಡಿದರೆ ತಲೆನೋವು, ಸೆಕೆ, ಹಾಸ್ಟೆಲಿನ ನೀರು ಸಾರು ಇವುಗಳ ಬಗ್ಗೆ ಪುಟಗಟ್ಟಲೆ ಇದೆ. ಬೇಕಾದದ್ದರ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ನಾನು ಹತ್ತಿದ್ದ ಬಸ್ಸು ಚಿಂತಾಮಣಿಯದೋ ಚಿಕ್ಕಬಳ್ಳಾಪುರದ್ದೋ ಎಂದು ನೀವು ಕೇಳಿದರೆ ತಡವರಿಸುತ್ತೇನೆ. ಬಸ್ಸಿನೊಳಗೆ ಕೇಳಿದ್ದನ್ನು ಮಾತ್ರ ಮರೆತಿಲ್ಲ.

ಮೊನ್ನೆ ಒಂದು ಗೃಹಪ್ರವೇಶದ ಫೋಟೋಗಳನ್ನು ನೆಂಟರಿಗೆ ಕಳಿಸಲು ಕೂತಿದ್ದೆ. ಇವನ್ನು ಯಾರ್ಯಾರು ನೋಡಬಹುದು ಎಂದು ಫೋನು ಕೇಳಿತು. ‘ಎಲ್ಲರೂ’ ಎಂಬುದರ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು. ನೀವು ಅದನ್ನು ಎಷ್ಟೋ ಸಲ ಒತ್ತಿರುತ್ತೀರಿ, ಏನೂ ಆಗಿರುವುದಿಲ್ಲ. ನನಗೆ ಮಾತ್ರ ಶಿಡ್ಲಘಟ್ಟದ ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಕೈಯಲ್ಲಿದ್ದದ್ದನ್ನು ಇನ್ನೊಬ್ಬರಿಗೆ ದಾಟಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ತಾವು ಅರ್ಧ ಓದಿದ ಪೇಪರು ಪಕ್ಕದ ಮನೆಗೆ ಹೋಗಿರುತ್ತಿತ್ತು. ಬೋರ್‌ವೆಲ್ ಹಾಕಿಸಿದಾಗ ಪೈಪು ಎಳೆಸಿ ಒಂದು ನಲ್ಲಿಯನ್ನು ಕಾಂಪೌಂಡಿನ ಆಚೆಗೆ ಬಿಡಿಸಿದರು. ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರು ಕೆಲಸ ಮುಗಿಸಿ, ಬೆಂದ ಗೂಡಿನ ವಾಸನೆಯ ಜೊತೆಗೇ ಬಂದು ಅಲ್ಲಿ ಬಿಂದಿಗೆ ಇಡುತ್ತಿದ್ದರು.

“ಊರಿಗೆಲ್ಲ ನೀರು, ನಮ್ಮ ಸಂಪಲ್ಲಿ ತಳ ಕಾಣ್ತಿದೆ” ಎಂದು ಚಿಕ್ಕಮ್ಮ ರೇಗುತ್ತಿದ್ದರು.

“ದಾನಿಕೇಮೇ, ಇರ್ಲಿ ಬಿಡು. ಭೂಮಿ ನೀರು, ನಮ್ಮಪ್ಪಂದಾ?” ಎಂದು ಚಿಕ್ಕಪ್ಪ ತೆಲುಗು ಬೆರೆಸಿ ಅದಕ್ಕೇನಂತೆ ಎನ್ನುತ್ತಿದ್ದರು.

ಕಂಪ್ಯೂಟರು ತಂದದ್ದು ಮಗಳು ಭಾರತಿಗಾಗಿ. ನನಗಿಂತ ಚಿಕ್ಕವಳು, ಡಿ.ಎಡ್. ಓದುತ್ತಿದ್ದಳು. ಟೀಚರಾಗುವುದೊಂದೇ ಅವಳ ಆಸೆ, ಅದಕ್ಕೆ ಅಡ್ಡ ಇದ್ದದ್ದು ಉಗ್ಗು. ಹಾಡುವಾಗ ಉಗ್ಗು ಇಲ್ಲ, ನಾಯಿಗೆ ಬೈಯುವಾಗ ಇಲ್ಲ. ಆದರೆ ನಾಲ್ಕು ಜನರ ಎದುರು ತನ್ನ ಹೆಸರು ಹೇಳಬೇಕಾದರೆ ‘ಭ’ದಲ್ಲೇ ಮಾತು ಸಿಕ್ಕಿಕೊಳ್ಳುತ್ತಿತ್ತು. ಬೆಂಗಳೂರಿನ ಡಾಕ್ಟರೊಬ್ಬರು, ದಿನಾ ಜೋರಾಗಿ ಓದಿ ರೆಕಾರ್ಡ್ ಮಾಡಿಕೋ, ನೀನೇ ಕೇಳು, ಬೇರೆ ಯಾರೂ ಕೇಳಬೇಕಾಗಿಲ್ಲ ಎಂದಿದ್ದರಂತೆ. ಬಾಗಿಲು ಹಾಕಿಕೊಂಡು, ಹೆಡ್‌ಫೋನು ಸಿಕ್ಕಿಸಿಕೊಂಡು, ಪ್ರೈಮರಿ ಪಾಠಗಳನ್ನು ಓದುತ್ತಿದ್ದಳು. ಪ್ರತಿ ಸಲವೂ ಶುರು ಒಂದೇ: “ಮಕ್ಕಳೇ, ನನ್ನ ಹೆಸರು ಭಾರತಿ.” ಅಥವಾ ಅಲ್ಲಿಯವರೆಗೆ ಹೋಗುವ ಪ್ರಯತ್ನ.

ರಜೆಗೆ ಹೋದಾಗ ನಾನು ಆಚೆ ಕೂತು ಕೇಳಿಸಿಕೊಂಡದ್ದು ಗೊತ್ತಾಗಿ ಒಂದು ಸಲ ಹೊರಗೆ ಬಂದಳು. “ನ-ನಗಬೇಡಕ್ಕ. ನಿನ್ನ ಇಂಗ್ಲಿಷಿಗಿಂತ ನನ್ನ ಉಗ್ಗೇ ವಾಸಿ.”

ನಿಜವೇ. ಎಂ.ಎ. ಓದುತ್ತಿದ್ದ ಒಂದೇ ಕಾರಣಕ್ಕೆ ಆ ಮನೆಯಲ್ಲಿ ನನಗೆ ಕಂಪ್ಯೂಟರ್ ಬಲ್ಲವಳೆಂಬ ಹೆಸರೂ ಇತ್ತು. ನನಗೆ ಬರುತ್ತಿದ್ದದ್ದು ಪ್ರಿಂಟ್ ತೆಗೆಯುವುದು, ಅದೂ ಪೇಪರು ಸಿಕ್ಕಿಕೊಳ್ಳದಿದ್ದರೆ.

ಬ್ರಾಡ್‌ಬ್ಯಾಂಡು ಬಂದ ಮೇಲೆ ಚಿಕ್ಕಪ್ಪನೂ ಅದರ ಮುಂದೆ ಕೂರತೊಡಗಿದರು. ಅವರ ಹತ್ತಿರ ಹಳೆಯ ಕ್ಯಾಸೆಟ್ಟುಗಳಿದ್ದವು: ನಾಟಕದ ಪದ್ಯ, ತೆಲುಗು ಹರಿಕಥೆ. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಒಂದೊಂದಕ್ಕೂ ಹೆಸರಿನ ಜೊತೆಗೆ ‘ಶಿಡ್ಲಘಟ್ಟ’ ಎಂದು ಸೇರಿಸಿದರು. ಎಲ್ಲಿಂದ ಬಂತೆಂದು ಜನಕ್ಕೆ ಗೊತ್ತಾಗಲಿ ಎಂಬ ಹೆಮ್ಮೆ. ಆಮೇಲೆ ಸಹೋದ್ಯೋಗಿಯೊಬ್ಬರು ಹಾಡು ಇಳಿಸಿಕೊಳ್ಳುವ ಪ್ರೋಗ್ರಾಮ್ ಒಂದನ್ನು ಕೊಟ್ಟರು. ಯಾರದೋ ಕಂಪ್ಯೂಟರಿನಿಂದ ನಾವು ತೆಗೆದುಕೊಳ್ಳಬಹುದು, ನಮ್ಮದರಿಂದ ಯಾರೋ ತೆಗೆದುಕೊಳ್ಳಬಹುದು. ನಿಮ್ಮದರಲ್ಲಿ ಯಾವ ಫೋಲ್ಡರು ಕೊಡುತ್ತೀರಿ ಎಂದು ಅದು ಕೇಳಿದಾಗ ಚಿಕ್ಕಪ್ಪ ಪೂರ್ತಿ ಡಿ ಡ್ರೈವಿಗೇ ಟಿಕ್ ಹಾಕಿದ್ದರು. ಭಾರತಿಯ ಓದೂ ಅದರಲ್ಲೇ ಇತ್ತು.

ಇದೆಲ್ಲ ನನಗೆ ತಿಳಿದದ್ದು ಆ ಬಸ್ಸಿನ ದಿನ, ರಜೆ ಮುಗಿಸಿ ಶಿಡ್ಲಘಟ್ಟದಿಂದ ಹಾಸ್ಟೆಲಿಗೆ ಹೊರಟಿದ್ದಾಗ. ಹಿಂದಿನ ಸೀಟಿನಲ್ಲಿ ಹುಡುಗರ ಗುಂಪು. ಒಬ್ಬನ ಮೊಬೈಲಿನಿಂದ ತಮಟೆ ಸದ್ದು, ಅದರ ಮೇಲೆ ಒಂದು ಹೆಣ್ಣುದನಿ: “ಮಕ್ಕಳೇ, ನನ್ನ ಹೆಸರು ಭ… ಭ… ಭ…” ಪ್ರತಿ ‘ಭ’ಕ್ಕೂ ಯಾರೋ ಒಂದು ಪೆಟ್ಟು ಹೊಂದಿಸಿದ್ದರು. ಬಸ್ಸು ನಕ್ಕಿತು. “ಇನ್ನೊಂದ್ಸಲ ಹಾಕಪ್ಪ” ಎಂದ ಕಂಡಕ್ಟರು.

ನಾನು ಎದ್ದು ಹೋಗಿ ಕೇಳಿದೆ. “ಇದೆಲ್ಲಿ ಸಿಕ್ತಪ್ಪ?”

“ಮೊಬೈಲ್ ಅಂಗ್ಡೀಲಿ ಮೇಡಂ. ಹಾಡು ತುಂಬಿಸ್ಕೊಂಡ್ರೆ ಇದು ಫ್ರೀ. ನಿಮ್ಗೂ ಬೇಕಾ? ಬ್ಲೂಟೂತ್ ಆನ್ ಮಾಡಿ.”

ಕೆಟ್ಟ ಹುಡುಗನಲ್ಲ. ಮುಖದಲ್ಲಿ ಚಿಕ್ಕಪ್ಪನಿಗಿದ್ದಂಥ ಉತ್ಸಾಹವೇ ಇತ್ತು, ಸಿಕ್ಕಿದ್ದನ್ನು ಹಂಚುವ ಉತ್ಸಾಹ. ಆ ಹಾಡಿನ ಪ್ರೋಗ್ರಾಮಿನಲ್ಲಿ ಯಾರೋ ತಮಾಷೆಗೆ ತಮ್ಮೂರಿನ ಹೆಸರನ್ನೇ ಹುಡುಕಿರಬೇಕು, ಚಿಕ್ಕಪ್ಪನ ಹರಿಕಥೆ ಕಂಡಿರಬೇಕು, ಅದರ ಬೆನ್ನಿಗೆ ಇಡೀ ಡ್ರೈವಿನ ಪಟ್ಟಿ ತೆರೆದುಕೊಂಡಿರಬೇಕು. ಇದು ನನ್ನ ಊಹೆ.

ಇಳಿದು ವಾಪಸ್ಸು ಶಿಡ್ಲಘಟ್ಟಕ್ಕೆ ಹೋದೆ. ಭಾರತಿ ಕಾಲೇಜಿನಲ್ಲಿದ್ದಳು. ಚಿಕ್ಕಪ್ಪನಿಗೆ ಹೇಳಿದೆ. ಅವರು ಪರದೆಯ ಮೇಲಿನ ಟಿಕ್ಕನ್ನು ನೋಡುತ್ತ ಕೂತರು.

“ಬರೀ ಅವರದ್ದು ತಗೊಂಡು ಸುಮ್ನಿರೋದಾ? ನಾವೂ ಕೊಡ್ಬೇಕಲ್ಲಮ್ಮ ಅಂತ…”

ಆಮೇಲೆ ಗಾಬರಿಯಲ್ಲಿ ಪ್ರೋಗ್ರಾಮನ್ನು ತೆಗೆದುಹಾಕಿದರು. ನಾನು ತಡಿಯಿರಿ ಎನ್ನುವಷ್ಟರಲ್ಲಿ ಭಾರತಿಯ ಫೋಲ್ಡರನ್ನೂ ಅಳಿಸಿದರು. “ಆಯ್ತು ಕಣಮ್ಮ, ಇನ್ನಿಲ್ಲ. ಅವಳಿಗೆ ಹೇಳ್ಬೇಡ.” ಸಂಜೆ ಮಗಳಿಗೆ ವೈರಸ್ ಬಂದು ಎಲ್ಲ ಹೋಯಿತು ಎಂದರು. ಅವಳು ನಂಬಿದಳು. ಆಗ ಕಂಪ್ಯೂಟರಿನಲ್ಲಿ ಏನು ಹೋದರೂ ವೈರಸ್ಸೇ ಅಲ್ಲವೇ?

ನಾನೂ ಮುಗಿಯಿತೆಂದುಕೊಂಡೆ. ಅಳಿಸಿದ್ದು ನಮ್ಮ ಮನೆಯದ್ದನ್ನು ಮಾತ್ರ, ಊರಲ್ಲಿದ್ದದ್ದು ಊರಲ್ಲೇ ಇತ್ತು.

ಮುಂದಿನದನ್ನು ನಾನು ಕಂಡಿಲ್ಲ, ಚಿಕ್ಕಮ್ಮ ಹೇಳಿದ್ದು. ಅಭ್ಯಾಸ ಪಾಠಕ್ಕೆ ಭಾರತಿಯನ್ನು ಹತ್ತಿರದ ಹಳ್ಳಿಯ ಶಾಲೆಗೆ ಹಾಕಿದರು. ಹೊಸ ಸೀರೆ ಉಟ್ಟು ಹೋದಳು. ತರಗತಿಯ ಮುಂದೆ ನಿಂತು, “ಮಕ್ಕಳೇ, ನನ್ನ ಹೆಸರು” ಎಂದು ಉಸಿರು ತೆಗೆದುಕೊಂಡಳಂತೆ. ಅಷ್ಟಕ್ಕೇ ಇಡೀ ತರಗತಿ ಖುಷಿಯಿಂದ, ಒಂದೇ ದನಿಯಲ್ಲಿ, ತಾಳ ತಪ್ಪದೆ ಮುಂದಿನದನ್ನು ಹೇಳಿ ಮುಗಿಸಿತಂತೆ. ಅವಕ್ಕೆ ಅದು ಅಣ್ಣಂದಿರ ಮೊಬೈಲಿನ ಆಟ. ಆ ದನಿ ಎದುರಿಗೆ ನಿಂತವಳದ್ದೇ ಎಂದು ಆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಟೀಚರ್‌ಗೂ ಈ ಆಟ ಗೊತ್ತಿದೆ ಎಂದು ಕುಣಿದಾಡಿದವಂತೆ.

ಭಾರತಿ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ಮನೆಗೆ ಬಂದಳು. ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಚಿಕ್ಕಪ್ಪ ಒಂದೊಂದು ಮೊಬೈಲ್ ಅಂಗಡಿಗೂ ಹೋಗಿ ಕೈ ಮುಗಿದರು. “ಅಳಿಸಿದೀವಿ ಸಾರ್” ಎಂದರು ಎಲ್ಲರೂ. ಕೆಲವರು ಅವರ ಎದುರೇ ಅಳಿಸಿದರು. ಆ ಹೊತ್ತಿಗೆ ಅದು ಗೌರಿಬಿದನೂರು ದಾಟಿತ್ತು.

ಈಗ ಅವಳು ಚಿಕ್ಕಬಳ್ಳಾಪುರದಲ್ಲಿ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡುತ್ತಾಳೆ. ತಪ್ಪಿಲ್ಲದ ಕನ್ನಡ. ಗಿರಾಕಿಗಳು ಹೇಳುತ್ತಾರೆ, ಅವಳು ತಲೆಯಾಡಿಸುತ್ತಾಳೆ. ಫೋನು ಮಾಡಿದರೆ ಎತ್ತುವುದಿಲ್ಲ, ಆಮೇಲೆ ಮೆಸೇಜು ಬರುತ್ತದೆ. ಮನೆಯಲ್ಲೂ ಸನ್ನೆಯೇ ಹೆಚ್ಚು.

ನನ್ನನ್ನು ಕಾಡುವುದು ಇನ್ನೊಂದು. ಅಳಿಸಿಹೋದ ಫೋಲ್ಡರಿನ ಕೊನೆಕೊನೆಯ ಓದುಗಳಲ್ಲಿ ಅವಳು ಸುಧಾರಿಸಿದ್ದಳು. ಒಂದು ಮಧ್ಯಾಹ್ನ ತಾನೇ ಹೆಡ್‌ಫೋನನ್ನು ನನ್ನ ಕಿವಿಗಿಟ್ಟು, ನನ್ನ ಮುಖವನ್ನೇ ನೋಡುತ್ತ ಒಂದನ್ನು ಕೇಳಿಸಿದ್ದಳು. ಅದರಲ್ಲಿ ಹೆಸರು ಎಲ್ಲೂ ನಿಲ್ಲದೆ, ನೀರಿನ ಹಾಗೆ ಬಂದಿತ್ತು. ಹಾಗೆಂದು ನನ್ನ ನೆನಪು. ಆದರೆ ಸಮಾಧಾನಕ್ಕೆ ಬೇಕಾದದ್ದನ್ನು ಕಟ್ಟಿಕೊಡುವ ಚಾಳಿ ನನ್ನ ನೆನಪಿಗಿದೆ. ಕೆಟ್ಟದ್ದಕ್ಕೆ ಊರೆಲ್ಲ ಸಾಕ್ಷಿ. ಒಳ್ಳೆಯದಕ್ಕೆ ನಾನೊಬ್ಬಳೇ, ಅದೂ ನೆಚ್ಚಿಕೊಳ್ಳುವಂಥ ಸಾಕ್ಷಿಯಲ್ಲ.

ಆ ಗೃಹಪ್ರವೇಶದ ಫೋಟೋಗಳನ್ನು ಕಳಿಸುವುದು ಬಿಟ್ಟು ಮಾರನೆಯ ದಿನ ಅವಳ ಅಂಗಡಿಗೆ ಹೋದೆ. ಯಾರದೋ ಲಗ್ನಪತ್ರಿಕೆಗೆ ಹೆಸರುಗಳನ್ನು ಹೊಡೆಯುತ್ತಿದ್ದಳು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

“ಆವತ್ತು ನನಗೆ ಕೇಳಿಸಿದ್ಯಲ್ಲ, ಅದರಲ್ಲಿ ನಿನ್ನ ಹೆಸರು ಪೂರ್ತಿ ಹೇಳಿದ್ದೆ ಅಲ್ವೇನೇ, ಭಾರತಿ?”

ಕೀಲಿಗಳ ಮೇಲೆ ಅವಳ ಬೆರಳು ನಿಂತಿತು. ಕಾದೆ. ಗಿರಾಕಿಯೊಬ್ಬರು ಒಳಗೆ ಬಂದರು, ನಾನು ಎದ್ದು ಬಂದೆ. ಇವತ್ತಿನವರೆಗೆ ಮೆಸೇಜೂ ಬಂದಿಲ್ಲ.