ಗಾಡಿಯ ಸಿಲಿಂಡರೂ ನಮ್ಮ ಓರಗಿತ್ತಿಯ ಮೂಗೂ

ಆಗ ನನಗೆ ಅರವತ್ತನಾಲ್ಕು. ನಾಲ್ಕು ವರ್ಷದ ಹಿಂದಿನ ಮಾತು. ನಾನೂ ನನ್ನ ಓರಗಿತ್ತಿಯೂ ಒಂದು ಗೂಡ್ಸ್ ಗಾಡಿಯ ಮೇಲೆ ಒಲೆ ಹೂಡಿಕೊಂಡು, ಕೊಬ್ಬರಿ ಸುಲಿಯುವ ಆಳುಗಳಿಗೆ ತೋಟದಿಂದ ತೋಟಕ್ಕೆ ಹೋಗಿ ಅಡಿಗೆ ಮಾಡಿ ಹಾಕುತ್ತಿದ್ದೆವು. ಗಾಡಿ ನನ್ನ ಮಗನದು. ಮೊದಲು ಅದರಲ್ಲಿ ಕಾಯಿ ಹೇರುತ್ತಿದ್ದ. ಆಮೇಲೆ ಮೇಲಕ್ಕೆ ತಗಡು ಹೊದಿಸಿ, ಒಳಗೆ ಒಂದು ಹಲಗೆ ಮಂಚ, ಒಂದು ಒಲೆಕಟ್ಟೆ, ನೀರಿನ ಡ್ರಮ್ಮು ಎಲ್ಲ ಕೂರಿಸಿದ. ಒಂದು ತೋಟದಲ್ಲಿ ಎರಡು ದಿನ, ಮೂರು ದಿನ ಇರುತ್ತಿದ್ದೆವು. ಅಲ್ಲೇ ಅಡಿಗೆ, ಅಲ್ಲೇ ನಿದ್ದೆ.

ಸೌದೆ ಒಲೆ ಹೂಡುವ ಹಾಗಿರಲಿಲ್ಲ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಸುಲಿಯುವಾಗ ಅಂಗಳದ ತುಂಬ ಒಣ ಮಟ್ಟೆ, ಮೊಳಕಾಲುದ್ದ ನಾರು. ಒಂದು ಕಿಡಿ ಬಿದ್ದರೆ ಮನೆಯೂ ಇಲ್ಲ, ಕೊಬ್ಬರಿಯೂ ಇಲ್ಲ. ಅದಕ್ಕೇ ತೋಟದವರು ನಮ್ಮನ್ನು ಕರೆಯುತ್ತಿದ್ದದ್ದು. ಗ್ಯಾಸು, ಅದೂ ಗಾಡಿಯ ಮೇಲೆ, ಅಂಗಳದಿಂದ ದೂರ.

ಓರಗಿತ್ತಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಐದು ವರ್ಷ ದೊಡ್ಡವಳು. ಅಕ್ಕ ಎಂದು ಕರೆಯುತ್ತಿದ್ದೆ, ಮಾತೆಲ್ಲ ಏಕವಚನದಲ್ಲೇ. ಗಂಡ ಸತ್ತ ಮೇಲೆ ದಬ್ಬೇಘಟ್ಟದ ಹತ್ತಿರ ತವರುಮನೆಯಲ್ಲಿ ಇದ್ದಳು. ಮಕ್ಕಳಿಲ್ಲ. ಅಲ್ಲಿ ಅಣ್ಣನ ಸೊಸೆಯರು ಅಡಿಗೆಮನೆಗೆ ಸೇರಿಸುತ್ತಿರಲಿಲ್ಲ, ಕೂತಲ್ಲಿಗೇ ತಟ್ಟೆ ತಂದುಕೊಡುತ್ತಿದ್ದರು. ಅದು ಮರ್ಯಾದೆ ಅಂತ ಅವರ ಲೆಕ್ಕ. ಗಾಡಿಗೆ ಬಂದ ಮೇಲೆ ಅವಳು ಮತ್ತೆ ಮನುಷ್ಯಳಾದಳು. ಬಸ್ಸಾರಿಗೆ ಖಾರ ರುಬ್ಬಿದರೆ ಆಳುಗಳು ಸುಲಿಯುವ ಭರ್ಜಿ ಬಿಟ್ಟು ಎದ್ದು ಬರುತ್ತಿದ್ದರು. ಅಡಿಗೆ ಅವಳದು. ನನ್ನದು ಮುದ್ದೆ ತಿರುವುವುದು, ಬಡಿಸುವುದು, ಬಯ್ಯುವುದು.

ಮೊದಮೊದಲು ಸಿಲಿಂಡರನ್ನು ಗಾಡಿಯೊಳಗೇ ಮೂಲೆಯಲ್ಲಿ ನಿಲ್ಲಿಸಿ ನಾರಿನ ಹಗ್ಗದಿಂದ ಬಿಗಿದಿದ್ದೆವು. ನಮ್ಮ ಕಡೆ ಎಲ್ಲದಕ್ಕೂ ನಾರಿನ ಹಗ್ಗವೇ. ಹಂದನಕೆರೆ ದಾರಿಯ ಒಂದು ಗುಂಡಿಯಲ್ಲಿ ಗಾಡಿ ಎತ್ತಿಹಾಕಿದ್ದೇ ತಡ, ಹಗ್ಗ ಜಾರಿ ಸಿಲಿಂಡರ್ ಅವಳ ಕಾಲ ಮೇಲೆ ಮಲಗಿತು. ಮೂಳೆ ಮುರಿಯಲಿಲ್ಲ, ಆದರೆ ಆ ಮಂಡಿ ಆಮೇಲೆ ಸರಿಯಾಗಿ ಮಡಚಲಿಲ್ಲ. ಆ ವಾರವೇ ಮಗನನ್ನು ಎಳೆದುಕೊಂಡು ತಿಪಟೂರಿನ ವೆಲ್ಡಿಂಗ್ ಅಂಗಡಿಗೆ ಹೋದೆ.

ವೆಲ್ಡಿಂಗಿನವನು ಗಾಡಿಯೊಳಕ್ಕೆ ಇಣುಕಿ ನೋಡಿ ನಕ್ಕ. “ಏನಜ್ಜಿ, ಕಾಯಿ ಮೂಟೆ ಅಂದ್ಕೊಂಡ್ರಾ ಇದನ್ನ? ಹಗ್ಗ ಸುತ್ತಿ ಕೂರ್ಸಿದೀರಲ್ಲ.”

“ಬಯ್ಯೋದು ಆಮೇಲೆ ಬಯ್ಯಿವಂತೆ. ಏನ್ ಮಾಡ್ಬೇಕು ಅದನ್ನೇಳು.”

“ಹಿಂದ್ಗಡೆ ಸಿಕ್ಕಿಸ್ಬುಡನ ಬುಡಣ್ಣ, ಸಲೀಸು” ಎಂದು ಮಗ ನಡುವೆ ಬಾಯಿ ಹಾಕಿದ.

“ಹಿಂದ್ಗಡೆ? ಯಾವನಾದ್ರೂ ಕುಡ್ದು ಬಂದು ಗುದ್ದಿದ್ರೆ ಮೊದ್ಲು ಸಿಲಿಂಡರ್‌ಗೇ ಗುದ್ತಾನೆ. ನಿನ್ ತಲೆ!” ಎಂದ ವೆಲ್ಡಿಂಗಿನವನು.

ಕಡೆಗೆ ಪಕ್ಕದಲ್ಲಿ, ಸೈಲೆನ್ಸರ್ ಇಲ್ಲದ ಕಡೆ, ತಗಡಿನ ಪೆಟ್ಟಿಗೆ ಕೂರಿಸಿದ. ಬಾಗಿಲು ಹೊರಗಿನಿಂದ. ಒಳಗೆ ನಾವು ಮಲಗುವ ಕಡೆಗೆ ಪೂರ್ತಿ ತಗಡು ಮುಚ್ಚಿ, ಟ್ಯೂಬು ಹಾಯುವಷ್ಟು ಮಾತ್ರ ಒಂದು ತೂತು. ಪೆಟ್ಟಿಗೆಯ ಬುಡಕ್ಕೆ ಹಳೆ ಟೈರಿನ ರಬ್ಬರು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಯಾವ ಕಾರಣಕ್ಕೂ ಮಲಗಿಸಬಾರದು ಅಂದ. ಸೊಂಟಕ್ಕೊಂದು, ಹೆಗಲಿಗೊಂದು ಕಬ್ಬಿಣದ ಪಟ್ಟಿ ಸುತ್ತಿ, ಅವನ್ನು ಗಾಡಿಯ ಚೌಕಟ್ಟಿಗೇ ಬೋಲ್ಟು ಹಾಕಿ ಬಿಗಿದ. ಅಲ್ಲಾಡಿಸಿ ನೋಡಿದೆ, ಗಾಡಿ ಅಲ್ಲಾಡಿತೇ ಹೊರತು ಸಿಲಿಂಡರ್ ಅಲ್ಲಾಡಲಿಲ್ಲ. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಮೂರು ತೂತು ಕೊರೆದ.

“ಇದ್ಯಾಕಪ್ಪ? ಈಗ ತಾನೆ ಮುಚ್ಚಿದ್ದಲ್ಲ?”

“ಗ್ಯಾಸು ಹೊಗೆ ಥರ ಮೇಲಕ್ಕೆ ಹೋಗಲ್ಲ ಅಜ್ಜಿ, ನೀರಿನ ಥರ ಕೆಳಕ್ಕಿಳಿಯುತ್ತೆ. ಸೋರಿದ್ರೆ ಈ ತೂತಲ್ಲಿ ರಸ್ತೆಗಿಳಿದು ಗಾಳೀಲಿ ಹೋಗ್ಲಿ ಅಂತ.”

ಗಾಡಿ ಹೊರಡುವಾಗ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಬೇಕು, ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪಿನ ನೊರೆ ಬಳಿದು ಗುಳ್ಳೆ ಬರುತ್ತದಾ ನೋಡಬೇಕು, ರಾತ್ರಿ ರೆಗ್ಯುಲೇಟರ್ ತಿರುಗಿಸಿ ಮಲಗಬೇಕು. ಇಷ್ಟು ಹೇಳಿ ಕಳಿಸಿದ. ಇದನ್ನೆಲ್ಲ ಓರಗಿತ್ತಿಗೂ ಹೇಳಿದೆ. ತೂತಿನ ವಿಷಯ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದೆ ಅಂತ ಆಮೇಲೊಂದು ದಿನ ಎಲ್ಲರ ಮುಂದೆ ಕೂಗಿದೆ. ನಿಜವಾಗಿ ನೆನಪಿಲ್ಲ.

ರಾತ್ರಿ ಗಾಡಿಯಲ್ಲಿ ಮಲಗುತ್ತಿದ್ದವಳು ಅವಳೊಬ್ಬಳೇ. ನಾನು ಸೊಂಟ ನೋವಿನವಳು, ತೋಟದವರ ಜಗಲಿಯಲ್ಲಿ ಬಿದ್ದುಕೊಳ್ಳುತ್ತಿದ್ದೆ. ಮಗ ಆಳುಗಳ ಜೊತೆ. ಅವಳಿಗೆ ಆ ಹಲಗೆ ಮಂಚವೆಂದರೆ ಅರಮನೆ. ತವರಿನಲ್ಲಿ ಬಾರದ ನಿದ್ದೆ ಇಲ್ಲಿ ಬರುತ್ತಿತ್ತು. “ನಿನ್ ಗೊರಕೆಗೆ ತೋಟದ ಇಲಿಯೆಲ್ಲ ಓಡೋದ್ವು ಕಣಕ್ಕ” ಅಂದರೆ, “ನಿನ್ ಬಾಯಿಗೆ ಮನುಷ್ರೇ ಓಡೋಯ್ತಾರೆ, ಇಲಿ ಯಾವ ಲೆಕ್ಕ” ಅನ್ನುತ್ತಿದ್ದಳು.

ದಂಡಿನಶಿವರದ ಹತ್ತಿರ ಒಂದು ತೋಟಕ್ಕೆ ಹೋಗಿದ್ದಾಗ ಇದೆಲ್ಲ ಮುಗಿಯಿತು. ಎರಡನೆಯ ದಿನ ಬೆಳಿಗ್ಗೆ ಎದ್ದು, ಕಾಫಿಗೆ ನೀರಿಡಿಸೋಣ ಅಂತ ಗಾಡಿಯ ಕಡೆ ಬಂದೆ. ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಮೂಗಿಗೆ ಹೊಡೆಯಿತು. ಕೊಳೆತ ಮೊಟ್ಟೆ, ಕೊಳೆತ ಎಲೆಕೋಸು ಎರಡೂ ಸೇರಿದ ಹಾಗೆ. ಗಾಡಿಯ ಬಾಗಿಲು ತೆಗೆದಿತ್ತು. ಓರಗಿತ್ತಿ ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಊದಿನಕಡ್ಡಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ ಹಿಡಿದು, ಕಡ್ಡಿ ಹೊರಗೆ ತೆಗೆಯುತ್ತಿದ್ದಳು. ದಿನಾ ಒಲೆಗೆ ಕೈ ಮುಗಿದು ಊದಿನಕಡ್ಡಿ ಹಚ್ಚದೆ ಅಡಿಗೆ ಶುರು ಮಾಡುತ್ತಿರಲಿಲ್ಲ.

“ಗೀಚ್ಬ್ಯಾಡ! ಅಕ್ಕ, ಗೀಚ್ಬ್ಯಾಡ!”

ಆ ವಯಸ್ಸಿನಲ್ಲಿ ಹೇಗೆ ಓಡಿದೆನೋ. ಕೈಗೆ ಹೊಡೆದೆ. ಪೊಟ್ಟಣ ಹಾರಿ ನೀರಿನ ಡ್ರಮ್ಮಿನ ಪಕ್ಕ ಬಿತ್ತು. ಅವಳನ್ನು ರಟ್ಟೆ ಹಿಡಿದು ಕೆಳಕ್ಕೆ ಎಳೆದೆ.

“ಏನ್ ಬಂತೇ ನಿಂಗೆ? ದೆವ್ವ ಗಿವ್ವ ಹಿಡೀತಾ?”

“ಗ್ಯಾಸ್ ಸೋರ್ತೈತೆ! ವಾಸ್ನೆ ಬರ್ತಿಲ್ವಾ ನಿಂಗೆ?”

“ಯಾವ ವಾಸ್ನೆ?” ಅಂದಳು.

ಅಂದವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಮುಖ ನೋಡಿದೆ, ಗೊತ್ತಾಯಿತು. ಹಿಂದಿನ ವರ್ಷ ಕೊರೊನಾ ಜ್ವರ ಬಂದು ಹೋಗಿತ್ತಲ್ಲ, ಅವತ್ತು ಹೋದ ಮೂಗು ಮತ್ತೆ ಬಂದೇ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ದಿನಾ ಸಾರು ಕುದಿಯುವಾಗ, “ಒಗ್ಗರಣೆ ಘಮ್ಮಂತಾ ಐತೇನೇ?” ಅಂತ ಕೇಳುತ್ತಿದ್ದಳು. ಹೊಗಳಿಸಿಕೊಳ್ಳಲು ಕೇಳುತ್ತಾಳೆ ಅಂದುಕೊಂಡು, “ಐತೆ, ಜಂಬ ಬ್ಯಾಡ” ಅನ್ನುತ್ತಿದ್ದೆ. ಅವಳು ನನ್ನ ಮೂಗಿನಿಂದ ಅಡಿಗೆ ಮಾಡುತ್ತಿದ್ದಳು.

ಅಷ್ಟರಲ್ಲಿ ಮಗ ಓಡಿಬಂದು ಹೊರಗಿನಿಂದ ಪೆಟ್ಟಿಗೆ ತೆಗೆದು ರೆಗ್ಯುಲೇಟರ್ ತಿರುಗಿಸಿ ಬಿಚ್ಚಿದ. ಅದು ರಾತ್ರಿಯೆಲ್ಲ ತೆಗೆದೇ ಇತ್ತು. ಮಂಡಿ ಮಡಚದ ಅವಳಿಗೆ ರಾತ್ರಿ ಕೆಳಗಿಳಿದು ಪೆಟ್ಟಿಗೆ ತೆಗೆಯುವುದು ಕಷ್ಟ, ಒಲೆಯ ಕಿವಿ ಮಾತ್ರ ತಿರುಗಿಸಿ ಮಲಗುತ್ತಿದ್ದಳಂತೆ. ಪೆಟ್ಟಿಗೆಯೊಳಗೆ ಟ್ಯೂಬು ಒಂದು ಕಡೆ ಬಿರಿದಿತ್ತು. ಬಿರಿದರೂ ಗ್ಯಾಸು ಕೆಳಗಿನ ತೂತಿನಲ್ಲಿ ಇಳಿದು ಹೋಗಬೇಕಿತ್ತು. ಮಗ ಬಗ್ಗಿ ನೋಡಿ, “ಅವ್ವ, ಇಲ್ನೋಡು” ಅಂದ. ಮೂರೂ ತೂತಿಗೆ ತೆಂಗಿನ ನಾರು ತುರುಕಿ, ಮೇಲೆ ಕೆಸರು ಮೆತ್ತಿತ್ತು. ತೋಟದಲ್ಲಿ ನೀರಿನ ಕಾಲುವೆ ಒಡೆದರೆ ಮಾಡುತ್ತೇವಲ್ಲ, ಹಾಗೆಯೇ. ಒಣಗಿ ಗಾರೆಯ ಹಾಗೆ ಆಗಿತ್ತು. ಇಳಿಯಲು ದಾರಿಯಿಲ್ಲದ ಗ್ಯಾಸು ಪೆಟ್ಟಿಗೆ ತುಂಬಿ, ಟ್ಯೂಬಿನ ಸಂದಿಯಲ್ಲಿ ಅವಳ ಮಂಚದ ಕಡೆಗೇ ಬಂದಿತ್ತು.

“ಇದ್ಯಾರ್ ಮಾಡಿದ್ದು?” ಅಂದೆ.

“ನಾನೇ. ಇಲಿ ನುಗ್ಗಿ ಟ್ಯೂಬ್ ಕಚ್ಚಿಬುಟ್ರೆ ಗ್ಯಾಸ್ ಸೋರಲ್ವಾ? ಅದ್ಕೇ ಮುಚ್ಚಿದೆ.”

ಅವಳು ಸುಳ್ಳು ಹೇಳಲಿಲ್ಲ. ಒಳ್ಳೆಯದಕ್ಕೇ ಮಾಡಿದ್ದಳು. ಆದರೆ ನನ್ನ ಹೆದರಿಕೆಯೆಲ್ಲ ಬಾಯಿಗೆ ಬಂತು. ಆಳುಗಳೆಲ್ಲ ಸುತ್ತ ನೆರೆದಿದ್ದರು. ಅವರ ಮುಂದೆಯೇ, “ಆ ತೂತು ಗ್ಯಾಸ್ ಇಳಿಯಾಕೆ ಅಂತ ಹೇಳಿರ್ಲಿಲ್ವಾ? ಹೇಳಿದ್ದೆ! ಮೂಗು ಸತ್ತೋಳು ಒಲೆ ಮುಂದೆ ನಿಲ್ಲಬಾರ್ದು. ಇವತ್ತಿಂದ ನೀನು ಕಡ್ಡಿ ಮುಟ್ಟಬ್ಯಾಡ, ಗಾಡೀಲಿ ಮಲಗಬ್ಯಾಡ” ಅಂದೆ.

ಆಳುಗಳಲ್ಲಿ ಒಬ್ಬ ನಗಿಸಲು ಹೋದ. “ಅದ್ಕೇಯಾ ಅಜ್ಜಿ, ನೆನ್ನೆ ಸಾರು ಸೀದಿದ್ದು ನಿಂಗೆ ಗೊತ್ತಾಗ್ಲಿಲ್ಲ?”

“ಸೀದಿದ್ದ ಸಾರಲ್ಲಿ ಮೂರು ಮುದ್ದೆ ನುಂಗಿದ್ಯಲ್ಲೋ ಮೂದೇವಿ, ನಿನ್ ಮೂಗು ಎಲ್ಲಿಟ್ಟಿದ್ದೆ?” ಅಂದಳು ಓರಗಿತ್ತಿ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮಧ್ಯಾಹ್ನದ ಅಡಿಗೆ ನಾನೇ ಮಾಡಿದೆ, ತೋಟದ ಮನೆಯ ಒಲೆಯಲ್ಲಿ. ಉಪ್ಪು ಹೆಚ್ಚಾಯಿತು. ಅವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಊಟವಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಹಂಗಾರೆ ನಂಗೇನೇ ಕೆಲ್ಸ?”

“ಈರುಳ್ಳಿ ಹೆಚ್ಚು, ಸೊಪ್ಪು ಸೋಸು.”

“ಅದನ್ನ ಮಾಡಾಕೆ ತವರು ಮನೇಲೇ ಇರ್ಬೋದಿತ್ತು.”

“ಇರು, ಯಾರ್ ಬ್ಯಾಡ ಅಂದ್ರು?”

ಸೀರೆ ಕೊಡವಿ ಎದ್ದಳು. ಕೈಚೀಲ ತಗೊಂಡಳು. ಮಗ ರಸ್ತೆಯವರೆಗೂ ಹಿಂದೆ ಹೋಗಿ, “ದೊಡ್ಡವ್ವ, ಅವ್ವನ ಬಾಯಿ ನಿಂಗೊತ್ತಿಲ್ವಾ, ಬಾ” ಅಂತ ಬೇಡಿಕೊಂಡ. ಸಂಜೆ ತುರುವೇಕೆರೆಯ ಬಸ್ಸು ಹತ್ತಿ ಹೋದಳು. ನಾನು ಪಾತ್ರೆ ಉಜ್ಜುತ್ತಿದ್ದೆ, ತಲೆ ಎತ್ತಲಿಲ್ಲ.

ಮೂಗಿಲ್ಲದವಳು ಗ್ಯಾಸಿನ ಪಕ್ಕ ಮಲಗಬಾರದು ಅಂದದ್ದು ತಪ್ಪಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಆಳುಗಳ ಬಾಯಿಂದ ಹೊರಟ ಸುದ್ದಿ ದಬ್ಬೇಘಟ್ಟಕ್ಕೂ ಹೋಯಿತು. ಈಗ ತವರಿನಲ್ಲಿ ಅವಳು ಒಲೆ ಹಚ್ಚುವುದಿರಲಿ, ಹಾಲು ಉಕ್ಕುತ್ತಿದ್ದರೂ ಸೊಸೆಯರು ಓಡಿಬಂದು, “ನೀವು ಮುಟ್ಬೇಡಿ ಅತ್ತೆ” ಅನ್ನುತ್ತಾರಂತೆ.

ಒಂದು ತಿಂಗಳು ಕಳೆದಿರಬಹುದು. ಮಗ ತಿಪಟೂರಿನಿಂದ ಅಂಗೈಯಷ್ಟು ಅಗಲದ ಒಂದು ಪೆಟ್ಟಿಗೆ ತಂದ. ಗ್ಯಾಸು ಸೋರಿದರೆ ಕಿರುಚುತ್ತದಂತೆ. ಮಂಚದ ಕಾಲಿನ ಹತ್ತಿರ, ನೆಲಕ್ಕೆ ಸಮೀಪ ಮೊಳೆ ಹೊಡೆದು ಕೂರಿಸಿದ. ಸಿಲಿಂಡರ್ ಪೆಟ್ಟಿಗೆಯ ತಳದ ತೂತುಗಳಿಗೆ ಇಲಿ ನುಗ್ಗದ ಹಾಗೆ ತಂತಿಯ ಜಾಲರಿಯನ್ನೂ ಹಾಕಿಸಿದ. ಲೈಟರಿನ ಗ್ಯಾಸು ಬಿಟ್ಟು ತೋರಿಸಿದಾಗ ಆ ಪೆಟ್ಟಿಗೆ ಕೂಗಿದ ಕೂಗಿಗೆ ನಾಯಿ ಬೊಗಳಿತು. ಇಂಥದ್ದೊಂದು ಇದೆ ಅಂತ ನಮಗೆ ಮೊದಲೇ ಗೊತ್ತಿದ್ದರೆ!

“ಇದಿದ್ರೆ ದೊಡ್ಡವ್ವ ಗಾಡೀಲೇ ಮಲಗ್ಬೋದು. ಒಲೆ ನೀನು ಹಚ್ಚಿಕೊಡು, ಸಾರು ಅವಳು ಮಾಡ್ಲಿ. ಕರ್ಕೊಂಬರ್ಲಾ?” ಅಂದ ಮಗ.

“ಕೇಳ್ನೋಡು” ಅಂದೆ. ನಾನೇ ಹೋಗಬೇಕಿತ್ತು. ಬಸ್ಸಿಗೆ ಅರ್ಧ ದಿನದ ಕೆಲಸ. ಹೋಗಲಿಲ್ಲ.

ಮಗ ಹೋಗಿ ಬಂದ. ಒಬ್ಬನೇ ಬಂದ. “ಹಾಸಿಗೆ ಕಟ್ಟಿ ಕಳಿಸಿದೋಳ ಗಾಡಿ ನಾನ್ ಹತ್ತಲ್ಲ ಕಣಪ್ಪ ಅಂದ್ಳು” ಅಂದ. ಆಗಲೇ ನನಗೆ ಗೊತ್ತಾದದ್ದು, ಅವಳಿಗೆ ತಾಗಿದ್ದು ನನ್ನ ಬೈಗುಳವಲ್ಲ ಅಂತ. ಬೈಗುಳ ನಲವತ್ತು ವರ್ಷದಿಂದ ಕೇಳಿದವಳು ಅವಳು, ತಿರುಗಿಸಿ ಕೊಡಲೂ ಬಲ್ಲವಳು.

ಗಾಡಿ ಇನ್ನೊಂದು ವರ್ಷ ಓಡಿತು. ಅಡಿಗೆಗೆ ಬೇರೆಯವರನ್ನು ಇಟ್ಟುಕೊಂಡೆವು, ಆಳುಗಳು ಕೊಸರಿಕೊಂಡೇ ಉಂಡರು. ಆಮೇಲೆ ಒಲೆ, ಪೆಟ್ಟಿಗೆ ಎಲ್ಲ ಬಿಚ್ಚಿ ಮಗ ಮತ್ತೆ ಕಾಯಿ ಹೇರಲು ಹೋದ. ಮದುವೆ ಮನೆಗಳಲ್ಲಿ ಅವಳು ಸಿಗುತ್ತಾಳೆ. “ಚೆನ್ನಾಗಿದೀಯೇನೇ?” ಅನ್ನುತ್ತಾಳೆ. “ಇದೀನಿ ಕಣಕ್ಕ” ಅನ್ನುತ್ತೇನೆ. ಮೊದಲಾದರೆ ಅಷ್ಟಕ್ಕೇ ಬಿಡುತ್ತಿದ್ದೆವಾ? ಸಾರು ಹೇಗಿದೆ ಅಂತ ಅವಳು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಅವಳು ಬಸ್ಸು ಹತ್ತಿ ಹೋದ ಮಾರನೆಯ ಬೆಳಿಗ್ಗೆ ನಾನು ಬೇಗ ಎದ್ದೆ. ಒಂದು ಕಂಬಿ ತಗೊಂಡು ಪೆಟ್ಟಿಗೆಯ ತೂತುಗಳ ಕೆಸರು ಕೆದಕಿ ನಾರು ಎಳೆದು ಹಾಕಿದೆ. ಮಗ ಟ್ಯೂಬು ಬದಲಿಸಿದ, ನಾನು ನೊರೆ ಬಳಿದು ನೋಡಿದೆ, ಗುಳ್ಳೆ ಬರಲಿಲ್ಲ. ಗಾಡಿಯೊಳಗೆ ಹತ್ತಿದರೆ ಮಂಚದ ಮೇಲೆ ಅವಳ ಹಾಸಿಗೆ, ಕಂಬಳಿ, ದಿಂಬು ಬಿದ್ದಿದ್ದವು. ಚಳಿಗಾಲ. ಇರುವುದೊಂದೇ ಹಾಸಿಗೆ, ರಾತ್ರಿ ಯಾವುದರ ಮೇಲೆ ಮಲಗಿದಳೋ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಬಿಸಿಲಿಗೆ ಹಾಕಿ ಕೊಡವಿದೆ, ಸುತ್ತಿ, ಹಗ್ಗ ಹಾಕಿ ಬಿಗಿಯಾಗಿ ಕಟ್ಟಿದೆ. ಹೊತ್ತುಕೊಂಡು ರಸ್ತೆಗೆ ಹೋಗಿ ನಿಂತೆ. ಬಸ್ಸು ಬಂದಾಗ ಕಂಡಕ್ಟರ್ ಕೈಗೆ ಕೊಟ್ಟು, “ತುರುವೇಕೇರೀಲಿ ದಬ್ಬೇಘಟ್ಟದ ಬಸ್ಸಿಗೆ ಹಾಕ್ಬುಡಪ್ಪ, ಸ್ಟಾಪಲ್ಲಿ ಯಾರ್ ಕೈಗಾದ್ರೂ ಕೊಟ್ರೆ ಮನೆಗೆ ತಲುಪಿಸ್ತಾರೆ” ಅಂದೆ.

“ಏನಾದ್ರೂ ಹೇಳ್ಬೇಕಾ ಅಜ್ಜಿ?” ಅಂತ ಕೇಳಿದ.

“ಏನಿಲ್ಲ” ಅಂದೆ. ವಾಪಸ್ ಬಂದು ಮುದ್ದೆಗೆ ಎಸರಿಟ್ಟೆ.