ನಿಧಾನಕ್ಕ ಓಡಿದ ಮದುಮಗ

ಎಡಗಾಲಿನ ಶೂ ಕಳಚಿಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಕಂಪ್ಯೂಟರುಗಳ ವೈಟುಕೆ ಗಲಾಟೆ ಮುಗಿದ, ಎರಡು ಸಾವಿರದ ಇಸವಿಯ ಜನವರಿ. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಆಫೀಸಿನ ಪಾರ್ಕಿಂಗ್ ಲಾಟು ದಾಟುತ್ತಿದ್ದೆ, ಹಿಮದ ಮೇಲೆ. ಸಹೋದ್ಯೋಗಿಯೊಬ್ಬ ಶೂ ಹಿಡಿದುಕೊಂಡು ಹಿಂದಿನಿಂದ ಓಡಿಬಂದ. ಆಗ ಕೆಳಗೆ ನೋಡಿಕೊಂಡೆ. ಕಾಲುಚೀಲ ಒದ್ದೆಯಾಗಿತ್ತು. ಚಳಿ ತಾಗಿರಲಿಲ್ಲ.

ಸ್ಟ್ರೋಕ್.

ನನಗಾಗ ನಲವತ್ತಾರು. ಒಂಬತ್ತು ದಿನ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಹೆಂಡತಿ ಸವಿತಾ ಮೆಟ್ಟಿಲ ಕೆಳಗೆ ನಿಂತು ಎಣಿಸುತ್ತಿದ್ದಳು, ನಾನು ಹತ್ತುತ್ತಿದ್ದೆ. ಮಾತು ಉಳಿಯಿತು. ಕೈ ಮರಳಿತು. ಕಾಲು ಮಾತ್ರ ಆಸರೆಯ ಬ್ರೇಸ್ ಹಾಕಿಕೊಂಡು ಎಳೆದಂತೆ ಬಂತು.

ಬೇಸಿಗೆಯಲ್ಲಿ ಮೋಹನ್ ಫೋನ್ ಮಾಡಿದ. ಮೈಸೂರಿನವನು, ನಮ್ಮ ಕನ್ನಡ ಬಳಗದ ನಾಟಕಗಳನ್ನು ಬರೆದು ಆಡಿಸುವವನು. ಐವತ್ತರ ಬ್ರಹ್ಮಚಾರಿಯೊಬ್ಬ ಹುಡುಗಿಯ ದುಷ್ಟ ಅಣ್ಣನ ಕಣ್ಣುತಪ್ಪಿಸಿ, ಅವಳೊಂದಿಗೆ ಓಡಿಹೋಗಿ ಮದುವೆಯಾಗುವ ಹಾಸ್ಯ ಈ ಸಲದ್ದು.

"ವಿಲನ್ ಅಣ್ಣನ ಪಾರ್ಟ್ ನಿಮಗೇ ಇಟ್ಟಿದೀನಿ ಸಾರ್. ನಡಿಗೆ ಹೇಗೂ ರೆಡಿ ಇದೆ."

ಪ್ರೀತಿಯಿಂದಲೇ ಹೇಳಿದ. ನಾನೂ ನಕ್ಕು ಒಪ್ಪಿಕೊಂಡೆ. ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಒಂಬತ್ತು ವರ್ಷದ ಮಗಳು ಕೇಳಿದಳು: "ಅಪ್ಪಾ, ವೈ ಡು ಬ್ಯಾಡ್ ಗೈಸ್ ಆಲ್ವೇಸ್ ವಾಕ್ ಲೈಕ್ ಯು?"

ಅಲ್ಲೇ ಕೂತುಬಿಟ್ಟೆ.

ಗದಗಿನ ಕಾಲೇಜಿನಲ್ಲಿ ನಾನೊಮ್ಮೆ ದುಷ್ಟ ಮಂತ್ರಿಯ ಪಾತ್ರ ಮಾಡಿದ್ದೆ. ಬರೆದ ನಾಟಕದಲ್ಲಿ ಅವನು ಕುಂಟನಾಗಿರಲಿಲ್ಲ, ಕುಂಟಿಸಿದವನು ನಾನು. ಕಾಲೇಜಿನ ಎದುರು ವಾಚ್ ರಿಪೇರಿ ಮಾಡುತ್ತಿದ್ದ ಖಾದರ್‌ಸಾಬರಿಗೆ ಪೋಲಿಯೋ ಆಗಿತ್ತು. ಅವರ ನಡಿಗೆಯನ್ನೇ ಕದ್ದು ಕಲಿತಿದ್ದೆ. ಸಿಳ್ಳೆಗಳು ಬಿದ್ದವು. ಅವರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಮರುದಿನ ನಾಟಕ ಛಲೋ ಇತ್ತು ಎಂದಷ್ಟೇ ಹೇಳಿ, ತಲೆ ತಗ್ಗಿಸಿ ಕೆಲಸಕ್ಕೆ ಕೂತರು. ಇಪ್ಪತ್ತೈದು ವರ್ಷ ಆ ಮಾತು ನನಗೆ ಹೊಗಳಿಕೆಯಾಗಿಯೇ ಕೇಳಿಸಿತ್ತು.

ಮೋಹನ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮದುಮಗನ ಪಾರ್ಟು ಕೊಡು ಎಂದೆ.

"ಓಡಿಹೋಗೋ ಸೀನ್ ಇದೆಯಲ್ಲ ಸಾರ್?"

"ನಿಧಾನಕ್ಕ ಓಡ್ತೀನಿ, ಬಿಡು."

ವಿಲನ್ ಪಾತ್ರವನ್ನು ಅವನೇ ಮಾಡಿದ, ಇಸ್ತ್ರಿ ಮಾಡಿದ ಸೂಟು ಹಾಕಿ, ನೆಟ್ಟಗೆ ನಡೆದು. ಮದುಮಗಳಾಗಲು ಸವಿತಾಳನ್ನು ಒಪ್ಪಿಸುವುದಕ್ಕೇ ಒಂದು ವಾರ ಹಿಡಿಯಿತು.

ಆಟದ ದಿನ ಅವಳ ಕೈ ಹಿಡಿದು, ಕಾಲೆಳೆಯುತ್ತ ಓಡಿದೆ. ಬೆನ್ನಟ್ಟಿದ ಮೋಹನ್ ನಮ್ಮನ್ನು ಹಿಡಿಯುವಂತಿಲ್ಲವಲ್ಲ! ನಿಂತಲ್ಲೇ ಓಡಿದ, ಬೂಟಿನ ಲೇಸು ಕಟ್ಟಿಕೊಂಡ, ಮತ್ತೆ ಓಡಿದ. ಸಭೆ ನಗತೊಡಗಿತು. ನನ್ನ ಕಾಲು ನೋಡಿ ನಗುತ್ತಿದ್ದಾರೆಯೇ? ಓರೆಗಣ್ಣಿನಲ್ಲಿ ನೋಡಿದೆ. ಎಲ್ಲರ ಕಣ್ಣೂ ಮೋಹನನ ಮೇಲಿತ್ತು. ಮಗಳು ಮಾತ್ರ ಕುರ್ಚಿಯ ಮೇಲೆ ನಿಂತು, ಓಡು ಓಡು ಎಂದು ನನಗೇ ಕೂಗುತ್ತಿದ್ದಳು, ಅದೂ ಕನ್ನಡದಲ್ಲಿ. ನನಗೂ ನಗು ತಡೆಯಲಾಗಲಿಲ್ಲ. ಸವಿತಾ ಅಂತೂ ಡೈಲಾಗನ್ನೇ ಮರೆತಳು.

ಕಾಲು ಇನ್ನು ಇಷ್ಟೇ ಎಂದಿದ್ದಾರೆ ಡಾಕ್ಟರ್. ಇರಲಿ, ಇಷ್ಟಾದರೂ ಇದೆಯಲ್ಲ. ಕಳೆದ ವಾರ ಚೆಕಪ್‌ಗೆ ಹೋದಾಗ, ಏನು ಹೊಸ ವಿಶೇಷ ಎಂದು ಅವರು ಕೇಳಿದರು. ಓಡಿಹೋಗಿ ಮದುವೆಯಾದೆ ಎಂದೆ. ಪಕ್ಕದ ಕುರ್ಚಿಯಲ್ಲಿ ಪರ್ಸ್ ಹಿಡಿದು ಕೂತಿದ್ದ ಸವಿತಾ ಗಂಭೀರವಾಗಿ ತಲೆಯಾಡಿಸಿದಳು.