ಟೀವಿಗೆ ಬೆನ್ನು ಮಾಡಿ ಕೂತ ಮೇಡಂ

ನಮ್ಮ ಮೇಡಂ ಯಾರ ಮನೆಗೆ ಹೋದರೂ ಟೀವಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಅವರ ನರೆತ ತುರುಬಿನ ಮೇಲೆ ಪರದೆಯ ನೀಲಿ, ಕೆಂಪು ಬೆಳಕು ಹಾದುಹೋಗುತ್ತಿತ್ತು. ಎದುರಿಗೆ ಮನೆಮಂದಿಯೆಲ್ಲ ಬಾಯಿಬಿಟ್ಟುಕೊಂಡು ಧಾರಾವಾಹಿ ನೋಡುತ್ತಿದ್ದರೆ, ಇವರು ಅವರನ್ನು ನೋಡುತ್ತಿದ್ದರು.

“ಈ ಕಡೆ ಬಂದ್ ಕೂತ್ಕಳಿ ಮೇಡಂ, ಅಲ್ಲಿಂದ ಏನ್ ಕಾಣ್ತದೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ನೀವ್ ಕಾಣ್ತೀರಲ್ಲ, ಸಾಕು ಬಿಡಿ” ಎನ್ನುತ್ತಿದ್ದರು.

ತುಮಕೂರಿನ ಒಂದು ಕಾಲೇಜಿನಲ್ಲಿ ಅವರು ಟೆಲಿವಿಷನ್ ಅಧ್ಯಯನ ಎಂಬ ವಿಷಯ ಕಲಿಸುತ್ತಿದ್ದರು. ಜನ ಮನೆಯಲ್ಲಿ ಕೂತು ಟೀವಿ ಹೇಗೆ ನೋಡುತ್ತಾರೆ ಎಂಬುದೇ ಅವರ ಸಂಶೋಧನೆ. ನನ್ನ ಪಿಎಚ್‌ಡಿಗೆ ಅವರೇ ಗೈಡು. ಇತಿಹಾಸದವರು, ಅರ್ಥಶಾಸ್ತ್ರದವರು ಸ್ಟಾಫ್ ರೂಮಿನಲ್ಲಿ ಕಿಸಕ್ಕನೆ ನಗುತ್ತಿದ್ದರು. “ಓದಿ ಓದಿ ಮರುಳಾದ ಕೂಚಂಭಟ್ಟ” ಎಂದು ಒಬ್ಬರು ನನ್ನೆದುರಿಗೇ ಅಂದಿದ್ದರು. ಅವರ ಹೆಸರು ಬರೆದುಬಿಡುವಷ್ಟು ಸಿಟ್ಟು ನನಗೆ ಈಗಲೂ ಇದೆ, ಬರೆಯುವುದಿಲ್ಲ. ಕುಣಿಗಲ್ಲಿನಲ್ಲಿ ನಮ್ಮಮ್ಮನೂ ಕಡಿಮೆಯೇನಲ್ಲ. “ಟೀವಿ ನೋಡಕ್ಕೂ ಡಾಕ್ಟ್ರಾಗ್ಬೇಕೇನೇ? ಹಂಗಾದ್ರೆ ಮೊದ್ಲು ನಂಗ್ ಕೊಡ್ಬೇಕಿತ್ತು ಕಣೇ” ಎಂದಿದ್ದರು. ಇದನ್ನು ಹೇಳಿದಾಗ ಮೇಡಂ ನಗಲಿಲ್ಲ. “ಸರಿಯಾಗೇ ಹೇಳಿದಾರೆ. ಅವ್ರ ಹತ್ರ ಹೋಗಿ ಕಲೀಬೇಕು ನಾವು” ಅಂದರು.

ಮಾತು ಕಡಿಮೆ, ಹಟ ಜಾಸ್ತಿ. ನಾನು ಬರೆದು ಕೊಟ್ಟ ಅಧ್ಯಾಯಗಳನ್ನು ಮುಖದ ಮೇಲೆ ಎಸೆದಂತೆ ವಾಪಸ್ ಕೊಡುತ್ತಿದ್ದರು. “ಟೀವಿ ಏನ್ ತೋರಿಸ್ತು ಅಂತ ಬರೀಬೇಡ. ಅವ್ರು ಏನ್ ನೋಡಿದ್ರು ಅಂತ ಬರಿ. ಎರಡೂ ಒಂದೇ ಅನ್ಕೊಂಡಿದೀಯಲ್ಲ, ಅಲ್ಲೇ ನೀನು ಕೆಟ್ಟಿರೋದು.” ಎಷ್ಟೋ ಸಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವರಿಗೆ ಮನಸಾರೆ ಶಾಪ ಹಾಕಿದ್ದೇನೆ.

ಒಂದು ಸಂಜೆ ನಾನೂ ಮೇಡಂ ನಿಟ್ಟೂರಿನ ಒಂದು ಮನೆಯಲ್ಲಿ ಕೂತಿದ್ದೆವು. ಸುದ್ದಿ ಬರುತ್ತಿತ್ತು. ಯಾವುದೋ ಕಳ್ಳತನದ ಸುದ್ದಿಗೆ ಯಾವುದೋ ಹಳೆಯ ಬೀದಿಯ ದೃಶ್ಯ, ಮೂಲೆಯಲ್ಲಿ ಸಣ್ಣಗೆ ‘ಸಂಗ್ರಹ ಚಿತ್ರ’ ಎಂದು ಬರೆದಿತ್ತು. ಹೊಸ ದೃಶ್ಯ ಸಿಗದಿದ್ದಾಗ ಚಾನೆಲ್ಲಿನವರು ತಮ್ಮಲ್ಲಿರುವ ಹಳೆಯದನ್ನು ಹಾಕಿ ಹಾಗೆ ಬರೆಯುತ್ತಾರೆ. ಇದು ನಮಗೆ ಗೊತ್ತು. ಮೇಡಂ ಸುಮ್ಮನಿರದೆ ಆ ಮನೆಯ ಅಜ್ಜಿಯನ್ನು ಕೇಳಿದರು.

“ಸಂಗ್ರಹ ಚಿತ್ರ ಅಂದ್ರೆ ಏನಜ್ಜಿ?”

“ಅಷ್ಟೂ ಗೊತ್ತಿಲ್ವೇನವ್ವ? ಪೊಲೀಸ್ನೋರು ಸಂಗ್ರಹ ಮಾಡಿರೋದು. ಸಾಕ್ಷಿಗೆ!”

ಮೇಡಂ ತಿರುಗಿ ಸೊಸೆಯನ್ನು ಕೇಳಿದರು. ಅವಳದೂ ಅದೇ ಉತ್ತರ. ಪಕ್ಕದ ಮನೆಯಲ್ಲಿ, ಗುಬ್ಬಿಯಲ್ಲಿ, ಕೋರದಲ್ಲಿ, ಕೇಳಿದಲ್ಲೆಲ್ಲ ಬಹುಪಾಲು ಅದೇ. ಚಾನೆಲ್ಲಿನವರು ‘ಇದು ಈ ಘಟನೆಯದಲ್ಲ’ ಎಂದು ಹೇಳಲು ಬರೆದ ಮಾತನ್ನು ನಮ್ಮ ಜನ ‘ಇದೇ ಸಾಕ್ಷಿ’ ಎಂದು ಓದುತ್ತಿದ್ದರು. ಮೇಡಂ ಇದನ್ನು ಒಂದು ಸೆಮಿನಾರಿನಲ್ಲಿ ಮಂಡಿಸಿದಾಗ ಅಧ್ಯಕ್ಷತೆ ವಹಿಸಿದ್ದ ಮಹಾಶಯರು, “ಅವರಿಗೆಲ್ಲ ಒಂದೊಂದು ನಿಘಂಟು ಕೊಡಿಸಿ ಮೇಡಂ” ಎಂದರು. ಸಭೆ ಗೊಳ್ಳೆಂದು ನಕ್ಕಿತು. ಎಂಥ ವಿದ್ವಾಂಸರಪ್ಪಾ!

ಆಮೇಲೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗುಲ್ಲೆದ್ದಿತು. ಒಂದು ಚಾನೆಲ್ಲು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಅರೆಯಿತು. ತೋರಿಸಲು ಕಳ್ಳರು ಸಿಗಬೇಕಲ್ಲ? ಹಳೆಯ ಸಂತೆಯ ದೃಶ್ಯವೊಂದನ್ನು ಹಾಕಿದರು. ಅದರಲ್ಲಿ ದೊಡ್ಡ ಮೂಟೆ ಹೊತ್ತ ಒಬ್ಬ ಮನುಷ್ಯ ಕ್ಯಾಮೆರಾ ಕಡೆ ತಿರುಗಿ ನೋಡುತ್ತಾನೆ. ಮೂಲೆಯಲ್ಲಿ ‘ಸಂಗ್ರಹ ಚಿತ್ರ’.

ಆ ಮನುಷ್ಯ ನಮಗೆ ಗೊತ್ತಿದ್ದವರು. ಗುಬ್ಬಿಯ ಹಾಸಿಗೆ ಹೊಲಿಯುವ ಭಾಯ್. ಅವರ ಮನೆಯಲ್ಲಿ ಕೂತು ನಾವು ಎಷ್ಟೋ ಸಂಜೆ ಅವರ ಹೆಂಡತಿ ಧಾರಾವಾಹಿ ನೋಡುವುದನ್ನು ನೋಡಿದ್ದೆವು, ಚಹಾ ಕುಡಿದಿದ್ದೆವು. ಮೂಟೆಯಲ್ಲಿದ್ದದ್ದು ಹತ್ತಿ. ಊರೂರಿಗೆ ಹೋಗಿ ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ಹೊಲಿದುಕೊಡುವುದೇ ಅವರ ಕಸುಬು.

ಮಾರನೆಯ ದಿನ ಹಾಗಲವಾಡಿಯ ಕಡೆ ಜನ ಅವರನ್ನು ತಡೆದು ಮೂಟೆಯನ್ನು ರಸ್ತೆಗೆ ಸುರಿಸಿದರು. ಹತ್ತಿ ಬಿಟ್ಟು ಬೇರೇನೂ ಸಿಗಲಿಲ್ಲ. ಆದರೂ ಬಿಡಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಭಾಯ್ ಕೈಯ ಮಾತೇ ಎತ್ತಲಿಲ್ಲ. “ಮೇಡಂ, ನೀವು ಟೀವಿದೇ ಓದಿದೀರ. ನನ್ ಮುಖ ಅದ್ರಿಂದ ತೆಗಿಸ್ಕೊಡಿ, ಅಷ್ಟ್ ಮಾಡಿ ಸಾಕು” ಎಂದರು. ಮೇಡಂ ಗೋಡೆ ಹಿಡಿದು ನಿಂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವಿಬ್ಬರೂ ಬೆಂಗಳೂರಿನ ಆ ಚಾನೆಲ್ಲಿಗೆ ಹೋದೆವು. ಹುಡುಗನಂತಿದ್ದ ಪ್ರೊಡ್ಯೂಸರ್ ನೀರು ತರಿಸಿಕೊಟ್ಟ. “ಸಂಗ್ರಹ ಚಿತ್ರ ಅಂತ ಹಾಕಿದೀವಲ್ಲ ಮೇಡಂ. ನಮ್ದೇನೂ ತಪ್ಪಿಲ್ಲ” ಎಂದ.

“ಆ ಎರಡು ಪದಕ್ಕೇ ಕಣಪ್ಪ ಅವರ ಕೈ ಮುರಿದಿದ್ದು” ಎಂದರು ಮೇಡಂ.

ಅವನಿಗೆ ಅರ್ಥವಾಗಲಿಲ್ಲ. ದೃಶ್ಯ ತೆಗೆದುಹಾಕಿದರು, ಅಷ್ಟು ಮಾಡಿದರು. ಇವರು ನಿರಪರಾಧಿ ಎಂದು ಒಂದು ಸಾಲು ಹೇಳಿ ಎಂದರೆ, “ಮುಗಿದ್ಹೋಗಿರೋ ಸುದ್ದಿ ಮೇಡಂ, ಯಾಕೆ ಮತ್ತೆ ಕೆದಕೋದು?” ಎಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ನನಗೆ. ಮೇಡಂ ನನ್ನ ಕೈ ಹಿಡಿದುಕೊಂಡೇ ಲಿಫ್ಟಿನವರೆಗೆ ಬಂದರು.

ಭಾಯ್ ಕೈ ಕೂಡಿಕೊಂಡ ಮೇಲೆ ಮೇಡಂ ತಾವೇ ನನ್ನನ್ನೂ ಕರೆದುಕೊಂಡು ಅವರ ಜೊತೆ ಊರೂರಿಗೆ ಹೊರಟರು. ಆಗಲೇ ಮೇಡಂ ಹೊಟ್ಟೆಯೊಳಗೆ ಕ್ಯಾನ್ಸರ್ ಇತ್ತು. ಗೊತ್ತಿದ್ದೂ ಹೊರಟರು. ನಾವು ಟೀವಿ ನೋಡಿದ್ದ ಮನೆಗಳ ಬಾಗಿಲಿಗೇ ಹೋಗಿ, “ಇವ್ರು ನನಗ್ ಗೊತ್ತಿರೋರು. ಟೀವೀಲಿ ಬಂದಿದ್ದು ಸುಳ್ಳು” ಎನ್ನುತ್ತಿದ್ದರು. ಜನ ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. ಹೊಲಿಯಲು ಹಾಸಿಗೆ ಮಾತ್ರ ಕೊಡುತ್ತಿರಲಿಲ್ಲ. ನಿಟ್ಟೂರಿನ ಅದೇ ಅಜ್ಜಿ ಮೇಡಂ ಕೈ ಹಿಡಿದುಕೊಂಡು, “ನೀನ್ ಹೇಳಿದ್ಮೇಲೆ ಸರೀನೇ ಕಣವ್ವ. ಆದ್ರೂ ಮನೇಲಿ ಮಕ್ಳು ಇದಾವಲ್ಲ...” ಎಂದರು.

ಹಿಂದಿರುಗುವಾಗ ನಾನು ಜನರನ್ನು ಬಾಯಿಗೆ ಬಂದಂತೆ ಬೈದೆ. “ಬೈಬೇಡ. ಅವ್ರು ಹೆಂಗ್ ನೋಡ್ತಾರೆ ಅಂತ ನನಗೆ ಮೊದ್ಲೇ ಗೊತ್ತಿತ್ತು. ಗೊತ್ತಿದ್ದೂ ಏನೂ ತಡಿಯಕ್ಕಾಗ್ಲಿಲ್ಲ” ಎಂದರು. 

ಮುಂದಿನ ವರ್ಷ ವಿದ್ಯಾರ್ಥಿಗಳು ಸಾಲದೆಂದು ಕಾಲೇಜು ಅವರ ವಿಷಯವನ್ನೇ ಕೈಬಿಟ್ಟಿತು. ಅದಾಗಿ ಸ್ವಲ್ಪ ದಿನಕ್ಕೆ ಮೇಡಂ ಹೋದರು. ಕೊನೆಕೊನೆಗೆ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯವನ್ನು ಮಲಗಿಕೊಂಡೇ ತಿದ್ದಿಕೊಟ್ಟಿದ್ದರು.

ಅವರನ್ನು ಮನೆಯ ಮುಂದೆ ಮಲಗಿಸಿದ್ದಾಗ ಭಾಯ್ ಗುಬ್ಬಿಯಿಂದ ಬಂದರು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಇಲ್ಲಿ ಯಾರಿಗೆ ಗೊತ್ತಾಗುತ್ತೆ ಭಾಯ್, ತೆಗೀರಿ ಎಂದೆ. ಬೇಡ ಎಂದು ತಲೆಯಾಡಿಸಿದರು. ಮೇಡಂ ಕಾಲ ಬಳಿ ಬಂದಾಗ ಮಾತ್ರ ಟವೆಲ್ ತೆಗೆದು ಕೈಮುಗಿದು ನಿಂತರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಇವ್ನು ಟೀವೀಲಿ ಬಂದಿದ್ನಲ್ವಾ?” ಎಂದರು ನನ್ನ ಹಿಂದೆ ನಿಂತಿದ್ದ ಒಬ್ಬರು, ಮೇಡಂ ಅವರ ಬೀದಿಯವರೇ.

ಭಾಯ್‌ಗೆ ಕೇಳಿಸಿತು. ಟವೆಲ್ ಸುತ್ತಿಕೊಂಡು, ಯಾರ ಕಡೆಗೂ ನೋಡದೆ ಗೇಟು ದಾಟಿ ಹೋದರು. ಓಡಿಹೋಗಿ ಕರೆದೆ, ತಿರುಗಲಿಲ್ಲ.

ವಾಪಸ್ ಬಂದು ಆ ಮನುಷ್ಯನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಸಂತೆ, ಹತ್ತಿ, ಆ ಎರಡು ಪದ, ಮುರಿದ ಕೈ. ಅವರು ಗಮನವಿಟ್ಟು ಕೇಳಿದರು, ಪಾಪ ಎಂದರು. ಆಮೇಲೆ ದನಿ ತಗ್ಗಿಸಿ, “ಆದ್ರೂ ಬೆಂಕಿ ಇಲ್ದೆ ಹೊಗೆ ಆಡುತ್ತಾ ಮೇಡಂ?” ಎಂದರು.

ಸಿಟ್ಟು ನೆತ್ತಿಗೇರಿತು. ಬೈದು ಅಲ್ಲಿಂದ ಬಂದುಬಿಡಬಹುದಿತ್ತು. ನಮ್ಮ ಮೇಡಂ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಕೂತ್ಕೊಳಿ ಸಾರ್ ಎಂದು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.